ಮಾರುಕಟ್ಟೆಗೊಂದು ಸೌರಶೀತಲ ಕೋಣೆ: ಕೊಳ್ಳುವ ಮೊದಲಿನ ಲೆಕ್ಕ, ಕೊಂಡ ಮೇಲಿನ ಶಿಸ್ತು

ತರಕಾರಿ ಮಾರುಕಟ್ಟೆಗೆ ಸೌರಶಕ್ತಿಯ ಶೀತಲ ಕೋಣೆ ತರಲು ಹೊರಡುವ ರೈತ ಉತ್ಪಾದಕರ ಸಂಸ್ಥೆಗಳೂ ವರ್ತಕರ ಸಂಘಗಳೂ ಮೊದಲು ಕೇಳುವುದು ಸಾಮಾನ್ಯವಾಗಿ ‘ಎಷ್ಟು ಟನ್ ಹಿಡಿಯುತ್ತದೆ?’ ಎಂದು. ಕೇಳಬೇಕಾದ ಪ್ರಶ್ನೆ ಬೇರೆ: ದಿನಕ್ಕೆ ಎಷ್ಟು ಕಿಲೋ ಬಿಸಿ ಮಾಲು ಒಳಗೆ ಬರುತ್ತದೆ? ಐದು ಟನ್ ಹಿಡಿಯುವ ಕೋಣೆಗೆ ಒಂದೇ ಸಂಜೆ ಐದು ಟನ್ ಟೊಮೆಟೊ ತುಂಬಿದರೆ ಯಂತ್ರ ಏದುಸಿರು ಬಿಡುತ್ತಿರುವಾಗಲೇ ಹಣ್ಣು ಒಳಗೆ ಮೆತ್ತಗಾಗಿರುತ್ತದೆ.

ಆದ್ದರಿಂದ ಕೊಟೇಶನ್ ತರಿಸುವ ಮೊದಲು, ಸಂತೆಯ ದಿನಗಳೂ ಸೇರುವಂತೆ ಎರಡು ವಾರ, ಹರಾಜು ಮುಗಿದ ಮೇಲೆ ಯಾವ ತರಕಾರಿ ಎಷ್ಟು ಕ್ರೇಟ್ ಉಳಿಯಿತು, ಅದು ಸಂಜೆ ಯಾವ ಬೆಲೆಗೆ ಹೋಯಿತು, ಎಷ್ಟನ್ನು ತಿಪ್ಪೆಗೆ ಸುರಿದರು ಎಂಬುದನ್ನು ಪುಸ್ತಕದಲ್ಲಿ ಬರೆದಿಡಿ. ಉಳಿಕೆ ದಿನಕ್ಕೆ 2 ಟನ್ ಎಂದಾಯಿತೆನ್ನಿ. ಅಷ್ಟು ತರಕಾರಿಯನ್ನು 30 ಡಿಗ್ರಿಯಿಂದ 10 ಡಿಗ್ರಿಗೆ ಇಳಿಸಲು ಸುಮಾರು 44 ಯೂನಿಟ್‌ನಷ್ಟು ಶಾಖವನ್ನು ಹೊರಹಾಕಬೇಕು (ಯೂನಿಟ್ ಎಂದರೆ ಕಿಲೋವ್ಯಾಟ್-ಗಂಟೆ; ಶಾಖಕ್ಕೂ ವಿದ್ಯುತ್ತಿಗೂ ಇಲ್ಲಿ ಅದೇ ಅಳತೆ). ಒಂದು ಯೂನಿಟ್ ವಿದ್ಯುತ್ತಿನಿಂದ ಎರಡೂವರೆ ಯೂನಿಟ್ ಶಾಖವನ್ನು ಹೊರದೂಡುವ ಕಂಪ್ರೆಸರ್ ಇದಕ್ಕೆ 18 ಯೂನಿಟ್‌ನಷ್ಟು ವಿದ್ಯುತ್ ಬಳಸುತ್ತದೆ. ಗೋಡೆಯಿಂದ, ತೆರೆದ ಬಾಗಿಲಿನಿಂದ, ಫ್ಯಾನಿನಿಂದ, ತರಕಾರಿಯ ಸ್ವಂತ ಉಸಿರಾಟದಿಂದ ಬರುವ ಶಾಖಕ್ಕೆ ಅದರ ಅರ್ಧದಷ್ಟು ಸೇರಿಸಿದರೆ 27 ಯೂನಿಟ್ ಆಗುತ್ತದೆ. ಬಯಲುಸೀಮೆಯಲ್ಲಿ 1 ಕಿಲೋವ್ಯಾಟ್ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಕೊಡುತ್ತದೆಂದು ಹಿಡಿದರೆ 7 ಕಿಲೋವ್ಯಾಟ್ ಬೇಕು, ಅದನ್ನು ಹರಡಲು 70 ಚದರ ಮೀಟರ್‌ನಷ್ಟು ನೆರಳಿಲ್ಲದ ಚಾವಣಿಯೂ ಬೇಕು. ಮಳೆಗಾಲದ ಮೋಡದ ದಿನಗಳಲ್ಲಿ ಈ ಲೆಕ್ಕ ಹಿಡಿಯುವುದಿಲ್ಲವಾದ್ದರಿಂದ ಗ್ರಿಡ್ ಸಂಪರ್ಕವನ್ನು ಬಿಡಬೇಡಿ.

ಇನ್ನು ರಾತ್ರಿಯ ಮಾತು. ಬಿಸಿಲಿರುವುದು ಹಗಲು, ಉಳಿದ ಮಾಲು ಒಳಗೆ ಬರುವುದು ಸಂಜೆ. ಈ ಅಂತರವನ್ನು ಬ್ಯಾಟರಿಯಿಂದ ತುಂಬಬಹುದು, ಇಲ್ಲವೇ ಹಗಲಿನಲ್ಲೇ ಮಂಜುಗಡ್ಡೆಯನ್ನೋ ಬೇರೊಂದು ಹೆಪ್ಪುಗಟ್ಟುವ ದ್ರಾವಣವನ್ನೋ ಗಟ್ಟಿಯಾಗಿಸಿಟ್ಟು ರಾತ್ರಿ ಅದರ ತಂಪನ್ನು ಬಳಸಬಹುದು. ದಿನವೂ ತುಂಬಿ ಬರಿದಾಗುವ ಬ್ಯಾಟರಿಯನ್ನು ಕೆಲವು ವರ್ಷಗಳಲ್ಲಿ ಬದಲಿಸಲೇಬೇಕಾಗುವುದರಿಂದ ನನ್ನ ಒಲವು ಎರಡನೆಯದರ ಕಡೆಗಿದೆ. ಮಾರಾಟಗಾರರು ಹೇಳುವ ‘ಬ್ಯಾಕಪ್ ಗಂಟೆ’ಗಳು ಖಾಲಿ ಕೋಣೆಯವೋ ತುಂಬಿದ ಕೋಣೆಯವೋ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಿರಿ.

ಎಲ್ಲ ತರಕಾರಿಗೂ ಒಂದೇ ಚಳಿ ಹಿಡಿಸುವುದಿಲ್ಲ. ನಷ್ಟ ಹೆಚ್ಚಾಗಿ ಆಗುವುದು ಇದನ್ನು ಮರೆತಾಗಲೇ. ಕೋಸು, ಹೂಕೋಸು, ಕ್ಯಾರೆಟ್, ಸೊಪ್ಪುಗಳು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಚೆನ್ನಾಗಿರುತ್ತವೆ. ಬೀನ್ಸ್‌ಗೆ 5ರಿಂದ 7 ಡಿಗ್ರಿ, ಬೆಂಡೆಗೆ 7ರಿಂದ 10, ಸೌತೆ ಮತ್ತು ಬದನೆಗೆ 10ರಿಂದ 12 ಡಿಗ್ರಿ ಬೇಕು. ಬಾಳೆ 13 ಡಿಗ್ರಿಗಿಂತ ಕೆಳಗಿಳಿದರೆ ಸಿಪ್ಪೆ ಕಪ್ಪಾಗುತ್ತದೆ. ಹಸಿರು ಟೊಮೆಟೊವನ್ನು 10 ಡಿಗ್ರಿಗಿಂತ ಕೆಳಗೆ ಹಲವು ದಿನ ಇಟ್ಟರೆ ಹೊರತೆಗೆದ ಮೇಲೆ ಅದು ಸರಿಯಾಗಿ ಬಣ್ಣಕ್ಕೆ ತಿರುಗುವುದಿಲ್ಲ. ಇದರ ಮೇಲೆ ಎಥಿಲೀನ್ ಅನಿಲದ ತೊಡಕೂ ಇದೆ: ಮಾಗುವ ಟೊಮೆಟೊ, ಬಾಳೆ, ಪಪಾಯಿ, ಮಾವು ಅದನ್ನು ಬಿಡುತ್ತವೆ, ಅದು ತಾಕಿದ ಸೊಪ್ಪು ಹಳದಿಯಾಗುತ್ತದೆ, ಕ್ಯಾರೆಟ್ ಕಹಿಯಾಗುತ್ತದೆ. ಒಂದೇ ಕೋಣೆಯಿದ್ದರೆ 10ರಿಂದ 12 ಡಿಗ್ರಿಯ ಗುಂಪನ್ನೋ ಸೊನ್ನೆಯ ಹತ್ತಿರದ ಗುಂಪನ್ನೋ ಆರಿಸಿಕೊಳ್ಳಬೇಕು. ಸಾಧ್ಯವಿದ್ದರೆ ನಡುವೆ ಗೋಡೆಯಿಟ್ಟು ಎರಡು ಚಿಕ್ಕ ಕೋಣೆ ಮಾಡಿಸಬೇಕು. ಈರುಳ್ಳಿ, ಬೆಳ್ಳುಳ್ಳಿಗೆ ಒಣ ಗಾಳಿ ಬೇಕಾದ್ದರಿಂದ ಈ ತೇವದ ಕೋಣೆಗೆ ಅವನ್ನು ತರಲೇಬಾರದು.

ಮಾಲು ಇಡುವಾಗ ಕೊಳೆತದ್ದನ್ನು, ಬಿರಿದದ್ದನ್ನು ಹೊರಗೇ ಆರಿಸಿ ತೆಗೆಯಿರಿ, ಏಕೆಂದರೆ ಚಳಿ ಕೊಳೆಯುವುದನ್ನು ನಿಧಾನಿಸುತ್ತದೆಯೇ ಹೊರತು ಕೊಳೆತದ್ದನ್ನು ಸರಿಮಾಡುವುದಿಲ್ಲ. ಗೋಣಿಚೀಲದ ಒಡಲಿಗೆ ತಂಪು ಇಳಿಯುವುದಿಲ್ಲವಾದ್ದರಿಂದ ರಂಧ್ರಗಳಿರುವ ಪ್ಲಾಸ್ಟಿಕ್ ಕ್ರೇಟ್ ಬಳಸಿ, ಗೋಡೆಯಿಂದ ಒಂದು ಗೇಣು ಬಿಟ್ಟು ಜೋಡಿಸಿ, ಬ್ಲೋವರ್ ಮುಂದೆ ಅಡ್ಡ ಇಡಬೇಡಿ. ಗೋಡೆಯ ಮೇಲಿನ ಥರ್ಮಾಮೀಟರ್ ಗಾಳಿಯ ಉಷ್ಣತೆಯನ್ನಷ್ಟೇ ತೋರಿಸುತ್ತದೆ; ನಡುವಿನ ಕ್ರೇಟಿನ ಒಂದು ಕಾಯಿಗೆ ಚುಚ್ಚುವ ಥರ್ಮಾಮೀಟರ್ ಇಳಿಸಿ ನೋಡಿದರೆ ನಿಜ ತಿಳಿಯುತ್ತದೆ.

ಬಾಡಿಗೆಯನ್ನು ಕ್ರೇಟಿಗೆ, ದಿನದ ಲೆಕ್ಕದಲ್ಲಿ ಹಾಕುವುದು ಮೇಲು. ನೈಜೀರಿಯಾದ ಮಾರುಕಟ್ಟೆಗಳಲ್ಲಿ ಸೌರ ಕೋಣೆಗಳನ್ನು ನಡೆಸುವ ಕೋಲ್ಡ್‌ಹಬ್ಸ್ ಇದೇ ಕ್ರಮದಲ್ಲಿ ಹಣ ಪಡೆಯುತ್ತದೆ, ಹಾಗಾಗಿ ನಾಲ್ಕೇ ಕ್ರೇಟ್ ಉಳಿದ ಚಿಲ್ಲರೆ ಮಾರಾಟಗಾರರೂ ಅಲ್ಲಿಗೆ ಬರಬಹುದು. ಆ ದರ, ನಿಮ್ಮ ಎರಡು ವಾರದ ಪುಸ್ತಕ ತೋರಿಸುವ ಬೆಳಗಿನ ಮತ್ತು ಸಂಜೆಯ ಬೆಲೆಯ ಅಂತರಕ್ಕಿಂತ ಸಾಕಷ್ಟು ಕಡಿಮೆಯಿರಬೇಕು. ಕೋಲಾರದಲ್ಲಿ ಟೊಮೆಟೊ ಬೆಲೆ ವಾರಗಟ್ಟಲೆ ಕುಸಿದು ಕೂರುವಂಥ ಸಮಯದಲ್ಲಿ ಈ ಕೋಣೆಯಿಂದ ಪ್ರಯೋಜನವಿಲ್ಲ. ಇದು ಕೆಲವು ದಿನಗಳನ್ನು ಕೊಡುತ್ತದೆ, ತಿಂಗಳುಗಳನ್ನಲ್ಲ.

ಸಾಲಕ್ಕೆ 2020ರಲ್ಲಿ ಆರಂಭವಾದ ಕೃಷಿ ಮೂಲಸೌಕರ್ಯ ನಿಧಿಯಡಿ 2 ಕೋಟಿ ರೂಪಾಯಿವರೆಗೆ, ಗರಿಷ್ಠ 7 ವರ್ಷ, ಶೇ. 3ರ ಬಡ್ಡಿ ರಿಯಾಯಿತಿ ಇದೆ. ಸಹಾಯಧನದ ಬಗ್ಗೆ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ, ಆದರೆ ಅದು ಕೆಲಸ ಮುಗಿದ ಮೇಲೆ ಕೈಗೆ ಬರುವ ಹಣವೆಂದೇ ಎಣಿಸಿ ಬಂಡವಾಳ ಹೊಂದಿಸಿಕೊಳ್ಳಿ.

ಉಸ್ತುವಾರಿಗೆ ಒಬ್ಬರನ್ನೇ ಹೊಣೆ ಮಾಡಬೇಕು. ಫಲಕದ ಧೂಳನ್ನು ಬಿಸಿಲೇರುವ ಮೊದಲು ತೊಳೆಯುವುದು, ಕಂಡೆನ್ಸರ್‌ನ ರೆಕ್ಕೆಗಳಿಗೆ ಅಂಟಿದ ಕಸ ತೆಗೆಯುವುದು, ಬಾಗಿಲಿನ ಪ್ಲಾಸ್ಟಿಕ್ ಪಟ್ಟಿಗಳನ್ನು ಯಾರೂ ಮೇಲೆತ್ತಿ ಕಟ್ಟದಂತೆ ನೋಡುವುದು ಅವರ ಕೆಲಸ. ತಿಂಗಳಿಗೊಮ್ಮೆ ಬಾಗಿಲಿನ ನಾಲ್ಕೂ ಅಂಚಿನಲ್ಲಿ ಒಂದು ಹಾಳೆ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆದು ನೋಡಲಿ. ಹಾಳೆ ತಡೆಯಿಲ್ಲದೆ ಜಾರಿ ಬಂದರೆ ಆ ಕಡೆಯ ರಬ್ಬರ್ ಸವೆದಿದೆ, ಬದಲಿಸಬೇಕು.