ಹವಾನಾ ಸಿಗಾರೂ ದಾವಣಗೆರೆ ಬಿಸಿಲೂ

ನಾನು ಮೊದಲ ಕ್ಯೂಬನ್ ಸಿಗಾರ್ ಕತ್ತರಿಸಿದ್ದು ಅಡಕತ್ತರಿಯಲ್ಲಿ. ಅಡಿಕೆ ವ್ಯಾಪಾರಿಯ ಮನೆಯಲ್ಲಿ ಕೈಗೆ ಬೇಗ ಸಿಗುವುದು ಅದೇ. ಅಡಿಕೆಯಾಗಿದ್ದರೆ ಟಕ್ ಅಂತ ಎರಡು ಹೋಳಾಗುತ್ತಿತ್ತು. ಸಿಗಾರಿನ ತಲೆ ಮೊದಲು ಚಪ್ಪಟೆಯಾಯಿತು, ಆಮೇಲೆ ಮೇಲಿನ ಎಲೆ ಒಣ ಬಾಳೆಪಟ್ಟೆಯ ಹಾಗೆ ಉದ್ದಕ್ಕೆ ಸೀಳಿತು. ಬಾಯಿಗಿಟ್ಟರೆ ತುಟಿಗೆಲ್ಲ ಪುಡಿ. ತಲೆಯ ಮೇಲೆ ಟೋಪಿಯಂತೆ ಒಂದು ಸಣ್ಣ ಎಲೆಚೂರು ಅಂಟಿಸಿರುತ್ತಾರೆ, ಹರಿತವಾದ ಬ್ಲೇಡಿನಿಂದ ಅದರ ತುದಿಯನ್ನಷ್ಟೇ ಹಾರಿಸಬೇಕು, ತಲೆಯ ಬಾಗು ಮುಗಿಯುವ ಭುಜದ ಗೆರೆ ದಾಟಬಾರದು ಅನ್ನುವುದೆಲ್ಲ ಗೊತ್ತಾಗುವ ಹೊತ್ತಿಗೆ ಆ ಪೆಟ್ಟಿಗೆ ಅರ್ಧ ಖಾಲಿ.

ಪೆಟ್ಟಿಗೆ ತಂದವನು ದುಬೈಯಲ್ಲಿರುವ ನಮ್ಮ ಷಡ್ಕ. ಮಾಂಟೆಕ್ರಿಸ್ಟೊ ನಂಬರ್ 4, 25ರ ಪೆಟ್ಟಿಗೆ. ಹೊರದೇಶದಿಂದ ಬರುವವರು ಸುಂಕ ಕಟ್ಟದೆ ತರಬಹುದಾದದ್ದೂ 25 ಸಿಗಾರೇ. "ನಮಗಂತ್ಲೇ ಎಣಿಸಿ ತುಂಬ್ಯಾರೆ ನೋಡ್ರಿ ಅಣ್ಣಾರೆ" ಅಂತ ಕೈಗಿಟ್ಟ. 129 ಮಿಲಿಮೀಟರ್ ಉದ್ದ, 42 ರಿಂಗ್ ದಪ್ಪ. ರಿಂಗ್ ಅಂದರೆ ಒಂದು ಇಂಚನ್ನು 64 ಪಾಲು ಮಾಡಿದ ಲೆಕ್ಕ. 42 ಅಂದರೆ ಹೆಚ್ಚುಕಮ್ಮಿ ನಮ್ಮ ಕಿರುಬೆರಳಿಗಿಂತ ತುಸು ದಪ್ಪ.

ಅದನ್ನು ಬೀರುವಿನ ಮೇಲಿಟ್ಟೆ. ಏಪ್ರಿಲ್ ತಿಂಗಳು. ದಾವಣಗೆರೆಯ ಏಪ್ರಿಲ್ ಅಂದರೆ ಮಂಡಕ್ಕಿ ಬುಟ್ಟಿ ಮುಚ್ಚದೆ ಇಟ್ಟರೂ ರಾತ್ರಿಯವರೆಗೆ ಗರಿಗರಿಯಾಗಿಯೇ ಇರುವ ಕಾಲ. ಮೂರು ವಾರಕ್ಕೆ ಸಿಗಾರನ್ನು ಕಿವಿಯ ಹತ್ತಿರ ಹಿಡಿದು ಒತ್ತಿದರೆ ಒಣ ಎಲೆ ತುಳಿದ ಸದ್ದು. ಹಚ್ಚಿದರೆ ಭರ್ ಅಂತ ಉರಿದುಹೋಗುತ್ತಿತ್ತು, ನಾಲಿಗೆ ಸುಡುತ್ತಿತ್ತು, ಕೊನೆಗೆ ಬೇವಿನ ಕಹಿ. ಇದಕ್ಕೇನಾ ಜಗತ್ತೆಲ್ಲ ಬಾಯಿಬಾಯಿ ಬಿಡುವುದು ಅನ್ನಿಸಿತು.

ಅದೇ ವರ್ಷ ಆಗಸ್ಟ್‌ನಲ್ಲಿ ಷಡ್ಕನ ಸ್ನೇಹಿತರೊಬ್ಬರ ಕೈಯಲ್ಲಿ ನಿಕರಾಗುವಾದ ಸಿಗಾರ್ ಬಂತು, ಎಸ್ತೆಲಿ ಅನ್ನುವ ಊರಿನದು. ಇವೂ ಬೀರುವಿನ ಮೇಲೇ ಹೋದವು. ಚೆನ್ನಾಗಿ ಉರಿದವು. ಮೆಣಸುಕಾಳಿನ ಖಾರ, ಹುರಿದ ಕಾಫಿಬೀಜದ ವಾಸನೆ, ಬೂದಿ ಒಂದೂವರೆ ಇಂಚಿನವರೆಗೆ ಬೀಳದೆ ನಿಂತಿತು. ಸರಿ, ತೀರ್ಪು ಕೊಟ್ಟುಬಿಟ್ಟೆ: ಕ್ಯೂಬಾ ಬರೀ ಹೆಸರು, ಮಾಲು ನಿಕರಾಗುವಾದ್ದು. ಎರಡು ವರ್ಷ ಸಿಕ್ಕಸಿಕ್ಕವರಿಗೆ ಹಾಗೆಯೇ ಹೇಳಿಕೊಂಡು ತಿರುಗಿದೆ. ಬಿಸಿಲಲ್ಲಿ ಒಂದನ್ನು, ಮಳೆಗಾಲದಲ್ಲಿ ಇನ್ನೊಂದನ್ನು ಸೇದಿದ್ದೇನೆ ಅನ್ನುವುದು ತಲೆಗೆ ಹೊಳೆಯಲೇ ಇಲ್ಲ. ತೇವ ನೋಡದೆ ಅಡಿಕೆಗೆ ದರ ಕಟ್ಟದ ನಾನು ಇಲ್ಲಿ ಹೀಗೆ ಮಾಡಿದ್ದೆ!

ತಿಳಿಸಿಕೊಟ್ಟಿದ್ದು ಮಂಡಕ್ಕಿ. ಆಜಾದ್ ನಗರದಲ್ಲಿ ಮಂಡಕ್ಕಿ ಭಟ್ಟಿ ಇರುವ ಗೆಳೆಯನೊಬ್ಬನ ಜೊತೆ ಒಂದು ಜುಲೈ ಸಂಜೆ ಮಿರ್ಚಿ ತಿನ್ನುತ್ತಾ ಕೂತಿದ್ದೆ. ತಟ್ಟೆಯ ಮಂಡಕ್ಕಿ ಮೆತ್ತಗಾಗಿತ್ತು. "ಥಂಡಿ ಹವಾ ಐತಲ್ಲೋ, ನೀರು ಕುಡೀತತಿ ಅದು" ಅಂದ. ಆಗ ಬೆಳಕಾಯಿತು. ಮರುದಿನವೇ ತೇವಾಂಶ ತೋರಿಸುವ ಸಣ್ಣ ಮೀಟರು ತರಿಸಿದೆ.

ಮೀಟರನ್ನು ಹಾಗೇ ನಂಬಬಾರದು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಮೇಲೆ ನಾಲ್ಕೈದು ಹನಿ ನೀರು ಬಿಡಿ. ಉಪ್ಪು ಕರಗಬಾರದು, ಒದ್ದೆ ಮರಳಿನ ಹಾಗಾಗಬೇಕು. ಮುಚ್ಚಳವನ್ನೂ ಮೀಟರನ್ನೂ ಜಿಪ್ ಕವರಿನಲ್ಲಿ ಹಾಕಿ ಒಂದು ದಿನ ಬಿಟ್ಟರೆ ಒಳಗಿನ ಗಾಳಿಯ ತೇವ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ. ನನ್ನ ಮೀಟರು 69 ತೋರಿಸಿತು, ಅಂದರೆ 6 ಕಮ್ಮಿ. ಮೇಲೆ ಸ್ಕೆಚ್ ಪೆನ್ನಿನಲ್ಲಿ "+6" ಅಂತ ಬರೆದಿಟ್ಟೆ. ಸಿಗಾರಿಗೆ ಬೇಕಾದದ್ದು 65ರಿಂದ 70. ಮುಂದಿನ ಏಪ್ರಿಲ್‌ನಲ್ಲಿ ಮಧ್ಯಾಹ್ನ ಬೀರುವಿನ ಮೇಲೆ ಇಟ್ಟು ನೋಡಿದೆ: 6 ಕೂಡಿಸಿದ ಮೇಲೂ 28.

ಈಗ ನನ್ನ ಹತ್ತಿರ ಮರದ ಅಂದದ ಪೆಟ್ಟಿಗೆ ಏನೂ ಇಲ್ಲ. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಗಾರ್ ಪೆಟ್ಟಿಗೆಯಿಂದ ಬಿಚ್ಚಿದ, ಸ್ಪ್ಯಾನಿಷ್ ಸೀಡರ್ ಅನ್ನುವ ಮರದ ಹಾಳೆ, 65 ಅಂತ ಬರೆದಿರುವ ತೇವದ ಪೊಟ್ಟಣ ಎರಡು. ಮೊದಲು ಇದನ್ನು ಅಡಿಕೆ ಗೋದಾಮಿನಲ್ಲಿಟ್ಟಿದ್ದೆ, ಅಲ್ಲಿ ತಂಪು ಅಂತ. ಆದರೆ ತೆಗೆದು ಮುಚ್ಚುವಾಗೆಲ್ಲ ಅಲ್ಲಿನ ಗಾಳಿ ಒಳಗೆ ಹೊಕ್ಕಿತೇನೋ, ಎರಡು ತಿಂಗಳಿಗೆ ಸಿಗಾರ್‌ಗೆಲ್ಲ ಅಡಿಕೆ ಬೇಯಿಸಿದ ಚೊಗರಿನ ವಾಸನೆ. ಹೊಗೆಸೊಪ್ಪು ಪಕ್ಕದವರ ವಾಸನೆಯನ್ನೆಲ್ಲ ಹೀರುತ್ತದೆ. ಈಗ ಡಬ್ಬಿ ಇರುವುದು ಚನ್ನಗಿರಿ ಕಡೆಯ ನಮ್ಮ ಹಳ್ಳಿಮನೆಯ ಉಗ್ರಾಣದಲ್ಲಿ. ಮಣ್ಣಿನ ಗೋಡೆ, ಬೇಸಿಗೆಯಲ್ಲೂ ತಣ್ಣಗೆ. 25 ಡಿಗ್ರಿ ದಾಟಿದರೆ ಎಲೆಯೊಳಗೆ ಮೊದಲೇ ಇರುವ ಮೊಟ್ಟೆ ಒಡೆದು ಹುಳು ಬೀಳುತ್ತದೆ, ಕಾಳಿಗೆ ಕುಟ್ಟೆ ಬಿದ್ದ ಹಾಗೆ ದುಂಡನೆಯ ತೂತು. ಅದಕ್ಕೇ ಹೊಸದು ಬಂದ ಕೂಡಲೆ ಕವರಿಗೆ ಹಾಕಿ ಮೂರು ದಿನ ಫ್ರೀಜರಿನಲ್ಲಿ, ಒಂದು ದಿನ ಕೆಳಗಿನ ಫ್ರಿಜ್ಜಿನಲ್ಲಿ ಇಟ್ಟು ಆಮೇಲೆ ಹೊರಗೆ. ಬಟಾಣಿ ಪಕ್ಕ ಹೊಗೆಸೊಪ್ಪು ಕಂಡ ದಿನ ಮನೆಯವಳು ಆಡಿದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

ಇಷ್ಟೆಲ್ಲ ಆದ ಮೇಲೆ ಎರಡನ್ನೂ ನ್ಯಾಯವಾಗಿ ಪಕ್ಕಪಕ್ಕ ಇಟ್ಟು ನೋಡಬೇಕಲ್ಲ. 2019ರಲ್ಲಿ ನಾವು ಮೂವರು ಸೇರಿ ನಾಲ್ಕು ಶನಿವಾರ ಅದನ್ನೇ ಮಾಡಿದೆವು. ನಾನು, ಭಟ್ಟಿ ಗೆಳೆಯ, ಇನ್ನೊಬ್ಬರು ಹಲ್ಲಿನ ಡಾಕ್ಟ್ರು. (ಹೌದು, ಹಲ್ಲಿನ ಡಾಕ್ಟ್ರೇ. ಸಿಗಾರಿನ ಹೊಗೆ ನುಂಗದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರ್ ಅಪಾಯ ತಪ್ಪುವುದಿಲ್ಲ ಅಂತ ಪ್ರತಿ ಸಲ ಹೇಳಿಯೇ ಹಚ್ಚುತ್ತಾರೆ, ಟಾರ್ಚ್ ಹಿಡಿದು ನಮ್ಮಿಬ್ಬರ ಬಾಯಿಯನ್ನೂ ನೋಡುತ್ತಾರೆ. ನಾನು ಈಗ ತಿಂಗಳಿಗೆ ಎರಡಕ್ಕಿಂತ ಹೆಚ್ಚು ಹಚ್ಚದಿರುವುದು ಅವರ ಭಯಕ್ಕೆ.) ಎಲ್ಲವೂ ರೊಬುಸ್ಟೊ ಅನ್ನುವ ಗಿಡ್ಡ, ದಪ್ಪ ಅಳತೆಯವು, 50 ರಿಂಗಿನ ಆಸುಪಾಸು. ಕ್ಯೂಬಾದಿಂದ ಪಾರ್ತಗಾಸ್ ಸೀರೀ ಡಿ ನಂಬರ್ 4, ನಿಕರಾಗುವಾದ್ದೊಂದು, ಡೊಮಿನಿಕನ್ ರಿಪಬ್ಲಿಕ್‌ನದೊಂದು, ಹೊಂಡುರಾಸ್‌ನದೊಂದು. ಮನೆಯವಳು ಉಂಗುರದ ಲೇಬಲ್ ಬಿಚ್ಚಿ, ಪೇಪರ್ ಚೂರು ಸುತ್ತಿ, 1ರಿಂದ 4 ನಂಬರ್ ಹಾಕಿ, ಉತ್ತರವನ್ನು ಹಾಲಿನ ಲೆಕ್ಕದ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡಳು. ಎಲೆಯ ಬಣ್ಣ ನೋಡಿ ಗುರುತು ಹಿಡಿಯಬಾರದೆಂದು ಟೆರೇಸಿನ ಲೈಟೂ ಇಲ್ಲ.

ಮೊದಲ ಶನಿವಾರದ್ದು ಹಚ್ಚಿದಾಗ ಏನೂ ವಿಶೇಷ ಅನ್ನಿಸಲಿಲ್ಲ. ಮೆತ್ತಗಿತ್ತು. ಮೂರನೇ ಒಂದು ಭಾಗ ಸುಟ್ಟ ಮೇಲೆ ಡಾಕ್ಟ್ರು, "ಬಣವೆ ಹಿರಿದಾಗ ಬರೋ ವಾಸನೆ ಬರ್ತತಲ್ರೀ" ಅಂದರು. ಬಂತು. ಒಣಹುಲ್ಲು, ಅದರ ಹಿಂದೆ ಕೊಟ್ಟಿಗೆ, ಅದರ ಹಿಂದೆ ಜೋನಿಬೆಲ್ಲದಂಥ ಸಿಹಿ. ಕೊನೆಕೊನೆಗೆ ಬೆರಳು ಸುಡುವವರೆಗೂ ಬಿಡಲು ಮನಸ್ಸಾಗಲಿಲ್ಲ. ಎರಡನೆಯದು ಹಚ್ಚುತ್ತಲೇ ಮೆಣಸು. ಭಟ್ಟಿಯವ ಎದ್ದು ಕೂತ: "ಇದು ನೋಡ್ರಿ ಕ್ಯೂಬಾ! ಗಂಟಲಿಗೆ ಬಡೀತತಿ." ಮೂರನೆಯದು ಹಾಲುಕೆನೆಯ ಹಾಗೆ ಹಗುರ. ಡೊಮಿನಿಕನ್ ಅಂತ ಮೂವರೂ ಹೇಳಿದೆವು. ನಾಲ್ಕನೆಯದರಲ್ಲಿ ಮರದ ವಾಸನೆ, ಸ್ವಲ್ಪ ಒಗರು. ನಾನು ಬಲು ಖಾತ್ರಿಯಿಂದ "ಇದೇ ಕ್ಯೂಬಾ" ಅಂದೆ.

ನಾಲ್ಕನೇ ಶನಿವಾರ ಮನೆಯವಳು ಕ್ಯಾಲೆಂಡರ್ ತಿರುಗಿಸಿ ಓದಿದಳು. ಮೆಣಸಿನದು ನಿಕರಾಗುವಾ. ನನ್ನ ನಾಲ್ಕನೆಯದು ಹೊಂಡುರಾಸ್. ಒಂದನೆಯದು ಕ್ಯೂಬಾ. ಡಾಕ್ಟ್ರದ್ದು ಮಾತ್ರ ಪೂರ್ತಿ ಸರಿ. ನನಗೆ ಮುಖಭಂಗವೇ ಆಯಿತು, ಆದರೆ ಅಂಕ ಬರೆದಿಟ್ಟ ನನ್ನ ಚೀಟಿಯನ್ನು ನೋಡಿಕೊಂಡೆ. ಗುರುತು ಹಿಡಿಯದೆಯೂ ಅತಿ ಹೆಚ್ಚು ಅಂಕ ಕೊಟ್ಟಿದ್ದು ಒಂದನೆಯದಕ್ಕೇ. ಎರಡು ವರ್ಷ ಬೈದುಕೊಂಡು ತಿರುಗಿದ ನಾಲಿಗೆಯೇ ಕತ್ತಲಲ್ಲಿ ಅದನ್ನು ಆರಿಸಿತ್ತು.

ಹಾಗಾದರೆ ಕ್ಯೂಬಾದ್ದನ್ನೇ ತರಿಸಿಕೊಳ್ಳಬಹುದಲ್ಲ ಅಂದರೆ, ಇಲ್ಲಿ ನನ್ನೊಳಗಿನ ವ್ಯಾಪಾರಿ ಅಡ್ಡ ಬರುತ್ತಾನೆ. ಆಮೇಲೆ ಬಂದ ಒಂದು ಕ್ಯೂಬನ್ ಪೆಟ್ಟಿಗೆಯಲ್ಲಿ (ಬ್ರ್ಯಾಂಡ್ ಬೇಡ) 25ರಲ್ಲಿ ನಾಲ್ಕು ಸೇದಲಿಕ್ಕೇ ಆಗಲಿಲ್ಲ. ಎಲೆ ಬಿಗಿಯಾಗಿ ಸುತ್ತಿ, ಹೊಗೆ ಎಳೆದರೆ ಕೆನ್ನೆ ಒಳಗೆ ಹೋಗುತ್ತಿತ್ತೇ ಹೊರತು ಹೊಗೆ ಬರುತ್ತಿರಲಿಲ್ಲ. ಸ್ವೆಟರ್ ಹೆಣೆಯುವ ಕಡ್ಡಿ ಚುಚ್ಚಿ ದಾರಿ ಮಾಡಿದೆ. ನಿಕರಾಗುವಾದವುಗಳಲ್ಲಿ ಇಷ್ಟು ವರ್ಷದಲ್ಲಿ ಹಾಗಾದದ್ದು ಒಂದೇ ಒಂದು.

ಇದರ ಕಾರಣ ನಮ್ಮ ಮಂಡಿಯವರಿಗೆ ಬೇಗ ಅರ್ಥವಾಗುತ್ತದೆ. ಕ್ಯೂಬಾದ ಸಿಗಾರಿನಲ್ಲಿ ಮೇಲಿನ ಎಲೆ, ಅದರ ಕೆಳಗೆ ಕಟ್ಟುವ ಎಲೆ, ಒಳಗಿನ ಹೂರಣ ಎಲ್ಲವೂ ಕ್ಯೂಬಾದ್ದೇ. ಹೆಸರಾದ ಎಲೆ ಬೆಳೆಯುವುದು ಪಶ್ಚಿಮದ ತುದಿಯ ಪಿನಾರ್ ದೆಲ್ ರಿಯೊ ಪ್ರಾಂತ್ಯದ ವುವೆಲ್ಟಾ ಅಬಾಹೊ ಸೀಮೆಯಲ್ಲಿ. ಒಂದೇ ತೋಟದ ಮಾಲು ಮಾರಿದ ಹಾಗೆ. ರುಚಿಗೆ ಅದೇ ಕಾರಣ, ತೊಂದರೆಗೂ ಅದೇ. 2022ರ ಸೆಪ್ಟೆಂಬರಿನಲ್ಲಿ ಇಯಾನ್ ಚಂಡಮಾರುತ ಅದೇ ಪ್ರಾಂತ್ಯಕ್ಕೆ ಬಡಿದು, ಎಲೆ ಒಣಗಿಸುವ ಸಾವಿರಾರು ಮನೆಗಳು ನೆಲ ಕಚ್ಚಿದವು. ಬದಲಿ ಎಲೆ ಬೇರೆ ದೇಶದಿಂದ ತರುವ ಹಾಗಿಲ್ಲ. ನಿಕರಾಗುವಾ, ಡೊಮಿನಿಕನ್‌ನವರು ಹಾಗಲ್ಲ: ಮೇಲಿನ ಎಲೆ ಈಕ್ವೆಡಾರ್‌ನದೋ ಕ್ಯಾಮರೂನ್‌ನದೋ ಮೆಕ್ಸಿಕೊದ್ದೋ, ಒಳಗಿನದು ಮೂರು ಊರಿನದು. ಚನ್ನಗಿರಿ ಮಾಲು ಕಮ್ಮಿಯಾದರೆ ಭೀಮಸಮುದ್ರದ್ದು ಸೇರಿಸಿ ಲಾಟು ಸರಿದೂಗಿಸುತ್ತೇವಲ್ಲ, ಹಾಗೆ. ಗಿರಾಕಿಗೆ ಹೋದ ವರ್ಷದ ರುಚಿಯೇ ಈ ವರ್ಷವೂ ಸಿಗುತ್ತದೆ.

ಬೇರೆಯವರು ಅನ್ನುತ್ತೇವಷ್ಟೇ, ಅವರಲ್ಲಿ ಬಹಳ ಜನ ಕ್ಯೂಬಾದಿಂದ ಹೋದವರೇ. 1960ರಲ್ಲಿ ಕ್ಯಾಸ್ಟ್ರೊ ಸರ್ಕಾರ ಸಿಗಾರ್ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಿತು, 1962ರ ಫೆಬ್ರುವರಿಯಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಕ್ಯೂಬಾದ ಮೇಲೆ ವ್ಯಾಪಾರ ನಿರ್ಬಂಧ ಹೇರಿದರು. ಮನೆತನಗಳು ಬೀಜ, ಕಸುಬು ಎರಡನ್ನೂ ಹೊತ್ತುಕೊಂಡು ಹೊರಟವು. ಪಾದ್ರೋನ್ ಮನೆತನದವರು 1964ರಲ್ಲಿ ಮಯಾಮಿಯಲ್ಲಿ ಶುರುಮಾಡಿ ಆಮೇಲೆ ನಿಕರಾಗುವಾಕ್ಕೆ ಹೋದವರು. ಆದ್ದರಿಂದ ಇದು ದಾಯಾದಿಗಳ ವ್ಯಾಜ್ಯ, ಎರಡು ಜಾತಿಯ ಜಗಳವಲ್ಲ.

ನಕಲಿಯ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಗೋವಾದಲ್ಲಿ ಒಬ್ಬ ನನಗೆ ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಕ್ಯೂಬಾದ ಹೆಸರಾಂತ ಬ್ರ್ಯಾಂಡ್ ಕೊಹಿಬಾ ಅಂತ ಮಾರಿದ. ಗಾಜಿನ ಮುಚ್ಚಳ ಕಂಡರೆ ಎದ್ದು ಬನ್ನಿ, ಕೊಹಿಬಾ ಹಾಗೆ ಬರುವುದೇ ಇಲ್ಲ. ಒಳಗಿದ್ದದ್ದು ಎಲೆಯ ಗುಡಿಸಿದ ಪುಡಿ. ಅಸಲಿ ಪೆಟ್ಟಿಗೆಗೆ ಹಸಿರು-ಬಿಳಿಯ ಸರ್ಕಾರಿ ಚೀಟಿ ಅಂಟಿರುತ್ತದೆ, ತಳದಲ್ಲಿ ಕಾರ್ಖಾನೆಯ ಗುಪ್ತ ಅಕ್ಷರ ಮತ್ತು ತಿಂಗಳು-ವರ್ಷ ಒತ್ತಿರುತ್ತಾರೆ. ತಿಂಗಳು ಸ್ಪ್ಯಾನಿಷ್‌ನಲ್ಲಿರುತ್ತದೆ, ಜನವರಿಗೆ ಎನೆ, ಆಗಸ್ಟ್‌ಗೆ ಆಗೊ.

ಆ ತಿಂಗಳು-ವರ್ಷ ನನಗೆ ಇನ್ನೊಂದು ಪಾಠ ಕಲಿಸಿತು. ಹೊಸ ಕ್ಯೂಬನ್ ಮೂಗಿನ ಹತ್ತಿರ ಹಿಡಿದರೆ ಕೆಲವೊಮ್ಮೆ ಗಂಜಲದ ಘಾಟು ಬರುತ್ತದೆ, ಎಲೆ ಇನ್ನೂ ಪೂರ್ತಿ ಹದವಾಗಿಲ್ಲ ಅಂತ ಅರ್ಥ. ಮೂರ್ನಾಲ್ಕು ವರ್ಷ ಇಟ್ಟರೆ ಘಾಟು ಹೋಗಿ ಬೆಲ್ಲ ಬರುತ್ತದೆ. ನಿಕರಾಗುವಾದ್ದು ಬಹುಪಾಲು ಅವರೇ ಮಾಗಿಸಿ ಕಳಿಸಿರುತ್ತಾರೆ, ತಂದ ವಾರವೇ ಹಚ್ಚಬಹುದು. ನಿಜ ಹೇಳಬೇಕೆಂದರೆ ಕಾಯುವ ತಾಳ್ಮೆ ನನಗೆ ಸಾಲದು. ಅಡಿಕೆಯನ್ನೂ ದರ ಬರಲಿ ಅಂತ ಹಿಡಿದಿಡದೆ ಮಾರುವವನು ನಾನು.

ಊಟಕ್ಕೂ ಇದಕ್ಕೂ ಸಂಬಂಧ ಇದೆ. ಮಿರ್ಚಿ-ಮಂಡಕ್ಕಿ ತಿಂದು ಕ್ಯೂಬನ್ ಹಚ್ಚಿದರೆ ದುಡ್ಡು ದಂಡ, ಬಾಯಿಯ ಖಾರದ ಮುಂದೆ ಆ ಮೆತ್ತನೆಯ ರುಚಿ ಎದ್ದೇಳುವುದಿಲ್ಲ. ಅಂಥ ಸಂಜೆಗೆ ನಿಕರಾಗುವಾ. ಬೆಣ್ಣೆದೋಸೆ ತಿಂದ ಭಾನುವಾರ, ಸಕ್ಕರೆಯಿಲ್ಲದ ಕಾಫಿ ಜೊತೆ, ಕ್ಯೂಬಾ. ಬೆಣ್ಣೆ ನಾಲಿಗೆಗೆ ಏನು ಮಾಡುತ್ತದೋ, ಆ ಬಣವೆ ವಾಸನೆ ಆಗ ಚೆನ್ನಾಗಿ ಏಳುತ್ತದೆ.

ಇಷ್ಟು ಕೇಳಿಸಿಕೊಂಡ ನಮ್ಮ ದೊಡ್ಡಪ್ಪ, 86 ವರ್ಷ, "ನಿಮ್ಮಜ್ಜ ಸೇದತಿದ್ದ ಚುಟ್ಟಾ ಯಾವ ಲೆಕ್ಕಕ್ಕೆ ಬರ್ತತೋ?" ಅಂದರು. ಅಜ್ಜ ಸೇದುತ್ತಿದ್ದದ್ದು ತಿರುಚಿನಾಪಳ್ಳಿಯ ಚುಟ್ಟಾ, ಎರಡೂ ತುದಿ ಬಾಯಿ ತೆರೆದದ್ದು, ಟೋಪಿಯೇ ಇಲ್ಲ, ಕತ್ತರಿಸುವ ಗೊಡವೆಯೂ ಇಲ್ಲ. ಇಂಗ್ಲಿಷಿನವರ ಚೆರೂಟ್ ಅನ್ನುವ ಪದ ಬಂದದ್ದೇ ತಮಿಳಿನ ಸುರುಟ್ಟುವಿನಿಂದ, ನಮ್ಮ ಸುರುಟು, ಸುರುಳಿಯ ದಾಯಾದಿ. ಒಂದು ಕಟ್ಟು ತರಿಸಿ ಹಚ್ಚಿ ನೋಡಿದೆ. ಎರಡೇ ದಮ್ಮಿಗೆ ತಲೆ ಗಿರ್ ಅಂದಿತು. ದೊಡ್ಡಪ್ಪನಿಗೆ ಖುಷಿಯೋ ಖುಷಿ.

ಮೊನ್ನೆ ಷಡ್ಕ ಫೋನ್ ಮಾಡಿದ್ದ, ಯುಗಾದಿಗೆ ಬರ್ತೀನಿ, ಏನು ತರಲಿ ಅಂತ. ಉಗ್ರಾಣದ ಡಬ್ಬಿಯಲ್ಲಿ ನಿಕರಾಗುವಾದ್ದು ಹನ್ನೊಂದು, ಕ್ಯೂಬಾದ್ದು ನಾಲ್ಕು ಉಳಿದಿವೆ.

"ಇಪ್ಪತ್ತು ನಿಕರಾಗುವಾ, ಐದು ಕ್ಯೂಬಾ," ಅಂದೆ.

"ಅಣ್ಣಾರೆ, ಎಲ್ಲರೂ ಕ್ಯೂಬಾ ಬೇಕು ಅಂತಾರೆ, ನೀವೇನು ಹಿಂಗೆ?"

"ಆ ಐದನ್ನ ಬಿಡಿಯಾಗಿ ಕೊಡ್ತಾರೇನು ಕೇಳು ಮೊದಲು. ಕೊಟ್ರೆ ಒಂದೊಂದನ್ನೂ ಬೆರಳಲ್ಲಿ ಒತ್ತಿ ನೋಡಿ ಆರಿಸು. ಗಂಟು ಸಿಕ್ಕಿದ್ದು ಬೇಡ."