108ರ ಜೊತೆಗಾರ ‘ನಂಗೇನಾಗಿಲ್ಲ’ ಅಂದಾಗ

ಆಂಬುಲೆನ್ಸ್‌ನಲ್ಲಿ ದುಡಿಯುವವರಿಗೆ ಆಪ್ತಸಮಾಲೋಚನೆಯ ಪಾಠ ಹೇಳಬೇಕಾಗಿಲ್ಲ. ವಿಷ ಕುಡಿದವರ ಮನೆಯವರಿಗೆ ಅದನ್ನು ಹೇಳುವವರೇ ಇವರು. ತಮ್ಮ ಸರದಿ ಬಂದಾಗ ಹಿಂದೇಟು ಹಾಕುವುದು ಬೇರೆ ಕಾರಣಕ್ಕೆ. ವಿಷಯ ಮೇಲಿನವರ ಕಿವಿಗೆ ಬಿದ್ದರೆ ಗಾಡಿಯಿಂದ ಇಳಿಸುತ್ತಾರೆ, ‘ಇವನ ಕೈಲಾಗಲ್ಲ’ ಅನ್ನುವ ಮಾತು ಹಬ್ಬುತ್ತದೆ ಎಂಬ ಭಯ. ಅದು ಪೂರ್ತಿ ಸುಳ್ಳೂ ಅಲ್ಲ. ಭಿತ್ತಿಪತ್ರ ಅಂಟಿಸಿದರೆ ಹೋಗುವ ಭಯವಂತೂ ಅಲ್ಲ.

ಕೆಟ್ಟ ಕೇಸ್ ಆದ ದಿನ ಎಲ್ಲರನ್ನೂ ಕೂರಿಸಿ ನಡೆದದ್ದನ್ನು ಹೇಳಿಸಬೇಡಿ. ಹೀಗೆ ಬಲವಂತವಾಗಿ ಒಮ್ಮೆ ಹೇಳಿಸಿದರೆ ಮುಂದಿನ ತೊಂದರೆ ತಪ್ಪುವುದಿಲ್ಲ, ಕೆಲವರಿಗೆ ಹೆಚ್ಚಾಗಲೂಬಹುದು. ವಿಶ್ವ ಆರೋಗ್ಯ ಸಂಸ್ಥೆಯೂ ಇದು ಬೇಡವೆನ್ನುತ್ತದೆ. ಆ ದಿನ ಸ್ಟ್ರೆಚರ್ ಬೇರೆಯವರು ತೊಳೆಯಲಿ. ಬಿಸಿ ಊಟ ಕೊಡಿಸಿ, ಮನೆಗೆ ಒಂಟಿಯಾಗಿ ಬೈಕಿನಲ್ಲಿ ಕಳಿಸಬೇಡಿ.

ಮಾತಾಡುವುದು ಮೂರು ನಾಲ್ಕು ದಿನ ಬಿಟ್ಟು. ರೋಗಿಯನ್ನು ಇಳಿಸಿ ಖಾಲಿ ಗಾಡಿಯಲ್ಲಿ ಬರುವಾಗ, ಇಎಂಟಿ (ಗಾಡಿಯಲ್ಲಿ ರೋಗಿಗೆ ತುರ್ತು ಚಿಕಿತ್ಸೆ ಕೊಡುವವರು) ಮತ್ತು ಪೈಲಟ್ (ಗಾಡಿ ಓಡಿಸುವವರು) ಇಬ್ಬರೇ ಇರುವ ಹೊತ್ತು ಒಳ್ಳೆಯದು. ಮುಖ ನೋಡಿಕೊಂಡು ಮಾತಾಡಬೇಕಿಲ್ಲ. ‘ಹೇಗಿದ್ದೀಯ’ ಎಂದರೆ ‘ಚೆನ್ನಾಗಿದ್ದೀನಿ’ ಎಂದೇ ಉತ್ತರ. ಕಂಡದ್ದನ್ನು ಹೇಳಿ: ‘ಅಣ್ಣಾ, ಎರಡು ದಿನದಿಂದ ಊಟದ ಡಬ್ಬಿ ತೆಗೆದೇ ಇಲ್ಲ ನೀವು. ರಾತ್ರಿ ನಿದ್ದೆ ಬರ್ತಿದೆಯಾ?’ ಆಮೇಲೆ ಬಾಯಿ ಮುಚ್ಚಿಕೊಳ್ಳಿ. ಸಲಹೆ ಕೊಡುವ ಚಪಲ ತಡೆಯುವುದೇ ಇಲ್ಲಿ ಕಷ್ಟ.

ಕೇಸ್ ಬಂದ ರಿಂಗ್‌ಗೆ ಬೆಚ್ಚುವುದು, ಅಪಘಾತವಾದ ತಿರುವು ತಪ್ಪಿಸಿ ಸುತ್ತಿ ಹೋಗುವುದು, ಮನೆಯಲ್ಲಿ ಸಿಡುಕು: ಮೊದಲ ವಾರಗಳಲ್ಲಿ ಇವು ಹಲವರಿಗೆ ಇರುತ್ತವೆ, ತಾವಾಗಿಯೇ ಇಳಿಯುತ್ತವೆ. ತಿಂಗಳು ದಾಟಿದರೂ ಇಳಿಯದಿದ್ದರೆ ವೈದ್ಯರು ಬೇಕು. ನಿದ್ದೆಗೆಂದು ಕುಡಿತ ಶುರುವಾಗಿದ್ದರೆ ಅಲ್ಲಿಯವರೆಗೂ ಕಾಯಬೇಡಿ.

ನಂಬರ್ ಬರೆದುಕೊಟ್ಟು ಕೈತೊಳೆದುಕೊಂಡರೆ ಚೀಟಿ ಜೇಬಿನಲ್ಲೇ ಉಳಿಯುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಎದುರಿಗೇ ಡಯಲ್ ಮಾಡಿಸಿ, ನೀವು ಗಾಡಿಯಿಂದ ಇಳಿದು ಬಾಗಿಲು ಹಾಕಿ. ಆಸ್ಪತ್ರೆಗೆ ಹೋಗುವುದಾದರೆ ದಿನವೂ ರೋಗಿಗಳನ್ನು ಒಪ್ಪಿಸುವ ಆಸ್ಪತ್ರೆ ಬೇಡ. ಅಲ್ಲಿ ನರ್ಸ್‌ನಿಂದ ಸೆಕ್ಯೂರಿಟಿಯವರೆಗೆ ಎಲ್ಲರೂ ಪರಿಚಿತರು, ಸಾಲಿನಲ್ಲಿ ನಿಲ್ಲುವ ಮುಂಚೆಯೇ ವಾಪಸ್ ಬರುತ್ತಾರೆ. ಪಕ್ಕದ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗ ವಾಸಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ, ಜೀವಾಪಾಯದಂಥ ಕೆಲವು ಸಂದರ್ಭ ಬಿಟ್ಟರೆ, ಚಿಕಿತ್ಸೆಯ ವಿವರ ಗುಟ್ಟಾಗಿಡುವುದು ರೋಗಿಯ ಹಕ್ಕು. ಇದನ್ನು ಬಾಯಿಬಿಟ್ಟು ಹೇಳಿ, ಹಲವರಿಗೆ ಗೊತ್ತಿಲ್ಲ. ಪೈಲಟ್ ಆದರೆ, ಮಾತ್ರೆ ತೂಕಡಿಕೆ ತರುತ್ತದೆಯೇ, ಸ್ಟೀರಿಂಗ್ ಹಿಡಿಯಬಹುದೇ ಎಂದು ವೈದ್ಯರನ್ನು ಕೇಳಲೇಬೇಕು.

ಸಾಯುವ ಮಾತು ಸುಳಿದರೆ ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಗುಟ್ಟಿನ ಮಾತು ಅಲ್ಲಿಗೆ ಮುಗಿಯಿತು: ಒಂಟಿಯಾಗಿ ಬಿಡದೆ ಹತ್ತಿರದ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಮೊದಲ ಭೇಟಿಯ ನಂತರ ಬಿಟ್ಟುಬಿಡುವವರು ಬಹಳ, ಅದಕ್ಕೆ ಶಿಫ್ಟೇ ನೆಪ. ಎರಡನೇ ಭೇಟಿಯ ದಿನಕ್ಕೆ ಯಾರು ಡ್ಯೂಟಿ ಬದಲಿಸಿಕೊಳ್ಳುತ್ತಾರೆಂದು ಮೊದಲ ದಿನವೇ ಗೊತ್ತುಮಾಡಿ, ರಜೆ ಚೀಟಿಯಲ್ಲಿ ‘ವೈಯಕ್ತಿಕ ಕೆಲಸ’ ಎಂದಷ್ಟೇ ಬರೆಸಿ.