ಬುಲೆಟ್ ಸವಾರಿ ಹಂತಹಂತವಾಗಿ ಬಿಟ್ಟ ಬಗೆ

ವಯಸ್ಸಾಯಿತು ಅನ್ನುವ ಒಂದೇ ಕಾರಣಕ್ಕೆ ಬೈಕ್ ಬಿಡಬೇಕಿಲ್ಲ. ಬಿಡಿಸುವುದು ಕಾಲು, ಕಣ್ಣು, ಕತ್ತು ಮತ್ತು ದಿನಾ ನುಂಗುವ ಮಾತ್ರೆಗಳು. ಇವನ್ನು ಆಗಾಗ ಪರೀಕ್ಷಿಸಿಕೊಂಡು, ಒಂದೊಂದು ಬಗೆಯ ಸವಾರಿ ಕೈಬಿಡುತ್ತಾ ಬಂದರೆ ನಿರ್ಧಾರ ಕೊನೆಯವರೆಗೂ ನಮ್ಮದೇ ಆಗಿರುತ್ತದೆ. ನಾನು ಬಿಟ್ಟದ್ದು ಹೀಗೆಯೇ. ನನ್ನದು ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು ಇರುವ ಹಳೆಯ ಬುಲೆಟ್ 350.

ಮೊದಲ ಸುಳಿವು ಸಿಗುವುದು ಕಿಕ್ಕರಿನಲ್ಲಿ. ಅದನ್ನು ಮೆಲ್ಲಗೆ ಒತ್ತಿ, ಬಿಗಿ ಸಿಕ್ಕಾಗ ಬ್ಯಾಟರಿಯ ಕರೆಂಟು ತೋರಿಸುವ ಆಂಪಿಯರ್ ಮೀಟರಿನ ಮುಳ್ಳು ನಡುವಿಗೆ ಬಂತೇ ನೋಡಬೇಕು. ಎಂಜಿನ್ ಒಳಗಿನ ಒತ್ತಡ ಹೊರಬಿಡುವ ಡಿಕಂಪ್ರೆಸರ್ ಲಿವರ್ ಹಿಡಿದು ಕಿಕ್ಕರನ್ನು ಇನ್ನು ಸ್ವಲ್ಪ ಇಳಿಸಿ, ಲಿವರ್ ಬಿಟ್ಟು, ಕಿಕ್ಕರ್ ಪೂರ್ತಿ ಮೇಲೆ ಬಂದ ಮೇಲೆ ಒಂದೇ ಏಟಿಗೆ ಕೆಳಗಿನ ತನಕ ತುಳಿಯಬೇಕು. ಮಂಡಿ ನೋವಿದ್ದವರು ಅರ್ಧಕ್ಕೇ ನಿಲ್ಲಿಸುತ್ತಾರೆ. ಆಗ ಪಿಸ್ಟನ್ ಮೇಲಿನ ತುದಿ ದಾಟುವ ಮೊದಲೇ ಕಿಡಿ ಹೊತ್ತಿ ಕಿಕ್ಕರ್ ತಿರುಗಿ ಒದೆಯುತ್ತದೆ. ಸೆಲ್ಫ್ ಸ್ಟಾರ್ಟ್ ಹಾಕಿಸಿದರೂ 160 ಕಿಲೋ ಮೀರಿದ ಗಾಡಿಯನ್ನು ಸ್ಟ್ಯಾಂಡಿಗೆ ಏರಿಸುವ, ಇಳಿಜಾರಿನಲ್ಲಿ ಹಿಂದಕ್ಕೆ ಎಳೆಯುವ ಕೆಲಸ ತಪ್ಪುವುದಿಲ್ಲ.

ಸಕ್ಕರೆ ಕಾಯಿಲೆ ಇದ್ದವರಿಗೆ ಪಾದವೇ ಮುಖ್ಯ. ಬೂಟಿನೊಳಗಿಂದ ಬ್ರೇಕ್ ಎಷ್ಟು ಒತ್ತಿದೆ ಎಂದು ತಿಳಿಯುವುದು ಅಂಗಾಲಿನ ಸ್ಪರ್ಶದಿಂದ. ವೈದ್ಯರು 10 ಗ್ರಾಮಿನ ಮೋನೋಫಿಲಮೆಂಟ್ ಎಂಬ ನೈಲಾನ್ ಎಳೆಯನ್ನು ಬಾಗುವ ತನಕ ಅಂಗಾಲಿಗೆ ಒತ್ತಿ, ಕಣ್ಣು ಮುಚ್ಚಿಸಿ ಕೇಳುತ್ತಾರೆ. ಅದು ಗೊತ್ತಾಗದಿದ್ದರೆ ಬೈಕ್ ಅವತ್ತೇ ನಿಲ್ಲಬೇಕು. ಇದರಲ್ಲಿ ರಾಜಿ ಬೇಡ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಬ್ರೇಕು ಅರ್ಧ ಸೆಕೆಂಡ್ ತಡವಾದರೆ 8 ಮೀಟರ್ ಮುಂದೆ, ಅಂದರೆ ಎದುರಿನ ಲಾರಿಯ ಅಡಿಗೆ.

ಮಾತ್ರೆಗಳ ಪಟ್ಟಿ ಹಿಡಿದು ವೈದ್ಯರ ಹತ್ತಿರ ಬೈಕಿನ ವಿಷಯವನ್ನೇ ಕೇಳಿ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಊಟ ತಡವಾದರೆ ಸಕ್ಕರೆ ಇಳಿದು ಬೆವರು, ನಡುಕ, ಮಂಕು ಬರಬಹುದು. ಪ್ರಾಸ್ಟೇಟಿಗೆ ಕೊಡುವ ಟ್ಯಾಮ್ಸುಲೋಸಿನ್‌ನಿಂದ ಕೂತವರು ಎದ್ದಾಗ ತಲೆ ಸುತ್ತಬಹುದು. ರಕ್ತ ತೆಳುವಾಗಿಸುವ ಕ್ಲೊಪಿಡೋಗ್ರೆಲ್, ವಾರ್ಫರಿನ್ ಇದ್ದರೆ ಸಣ್ಣ ಬೀಳುವಿಕೆಯಲ್ಲೂ ತಲೆಯೊಳಗೆ ರಕ್ತಸ್ರಾವದ ಭಯ. ಸವಾರಿಗೋಸ್ಕರ ಮಾತ್ರೆ ತಪ್ಪಿಸುವ ಯೋಚನೆಯಂತೂ ಬೇಡವೇ ಬೇಡ.

ನಾನು ಮೊದಲು ನಿಲ್ಲಿಸಿದ್ದು ಹಿಂದೆ ಯಾರನ್ನಾದರೂ ಕೂರಿಸಿಕೊಳ್ಳುವುದನ್ನು. ನಮ್ಮ ಹಟಕ್ಕೆ ಇನ್ನೊಬ್ಬರ ಜೀವ ಒಡ್ಡಬಾರದು. ಆಮೇಲೆ ರಾತ್ರಿ ಸವಾರಿ: ಕಣ್ಣಿಗೆ ಪೊರೆ ಶುರುವಾದರೆ ಎದುರಿನ ಹೆಡ್‌ಲೈಟು ಹರಡಿಕೊಂಡು ರಸ್ತೆಯ ಅಂಚೇ ಮಾಯವಾಗುತ್ತದೆ. ನಂತರ ಘಾಟಿ. ಆಗುಂಬೆಯಂಥ ಕಡೆ 14 ಹಿಮ್ಮುರಿ ತಿರುವುಗಳಲ್ಲೂ ಕತ್ತು ಪೂರ್ತಿ ಹೊರಳಿಸಿ ಮೇಲಿನ ರಸ್ತೆ ನೋಡಬೇಕು. ಕತ್ತು ಬಿಗಿದವರು ಮುಂದಿನ ಚಕ್ರವನ್ನೇ ನೋಡುತ್ತಾರೆ, ಗಾಡಿ ತಿರುವು ಬಿಟ್ಟು ಹೊರಕ್ಕೆ ಸರಿಯುತ್ತದೆ. ಹೆದ್ದಾರಿ ಆಮೇಲೆ, ಊರೊಳಗಿನ ಬೆಳಗಿನ ಸುತ್ತು ಕಟ್ಟಕಡೆಗೆ. ಬದಲಿಗೆ ಸ್ಕೂಟರ್ ಎನ್ನುವವರಿದ್ದಾರೆ. ಭಾರವೇನೋ ಕಮ್ಮಿ, ಆದರೆ ಸಣ್ಣ ಚಕ್ರ ಗುಂಡಿಗೆ ಬೇಗ ಇಳಿಯುತ್ತದೆ, ಕಣ್ಣು ಕತ್ತಿನ ತೊಂದರೆ ಹಾಗೇ ಉಳಿಯುತ್ತದೆ.

ಲೈಸೆನ್ಸ್ ಇದೆಯಲ್ಲ ಎಂದು ಧೈರ್ಯ ತಂದುಕೊಳ್ಳಬೇಡಿ. 55 ದಾಟಿದವರಿಗೆ 5 ವರ್ಷಕ್ಕೆ ನವೀಕರಿಸುತ್ತಾರೆ, ಫಾರಂ 1ಎ ವೈದ್ಯಕೀಯ ಪತ್ರ ಕೇಳುತ್ತಾರೆ. ಐದು ವರ್ಷದಲ್ಲಿ ದೇಹ ಎಷ್ಟೋ ಬದಲಾಗುತ್ತದೆ.

ಬಿಟ್ಟ ಮೇಲೆ ಗಾಡಿಯನ್ನು ಶೆಡ್ಡಿನಲ್ಲಿ ಕೊಳೆಸಬೇಡಿ. ಈಗಿನ ಪೆಟ್ರೋಲಿನ ಎಥನಾಲ್ ತೇವ ಹೀರಿ ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹರಿಯುವ ಸಣ್ಣ ತೂತು, ಅಂದರೆ ಜೆಟ್, ಅಂಟುಗಟ್ಟುತ್ತದೆ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಡುವುದರಿಂದ ಲಾಭವಿಲ್ಲ: ಎಂಜಿನ್ ಪೂರ್ತಿ ಕಾಯದೆ ಒಳಗಿನ ತೇವ ಎಣ್ಣೆಗೆ ಸೇರುತ್ತದೆ, ಬ್ಯಾಟರಿಯೂ ತುಂಬುವುದಿಲ್ಲ. ಓಡುವ ಸ್ಥಿತಿಯಲ್ಲಿದ್ದಾಗಲೇ ಓಡಿಸುವವರ ಕೈಗೆ ಕೊಡಿ. ಟ್ಯಾಪೆಟ್ ಹೊಂದಿಸುವುದನ್ನು, ಅಂದರೆ ವಾಲ್ವ್ ತೆರೆಸುವ ಪುಶ್‌ರಾಡ್ ಎಂಬ ಕಡ್ಡಿಗಳ ಸಡಿಲ ಸರಿಮಾಡುವುದನ್ನು, ಎದುರಿಗೇ ಮಾಡಿ ತೋರಿಸಿ: ಎಂಜಿನ್ ತಣ್ಣಗಿರಬೇಕು, ಪುಶ್‌ರಾಡ್ ಎರಡು ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಅಲುಗಬಾರದು.

ಹೆಸರು ಬದಲಿಸುವ ಕಾಗದಪತ್ರಕ್ಕೆ ಮಾರಿದ ವಿಷಯ ತಿಳಿಸುವ ಫಾರಂ 29 ಎರಡು ಪ್ರತಿ, ಹೆಸರು ಬದಲಾವಣೆಗೆ ಅರ್ಜಿಯಾದ ಫಾರಂ 30 ಒಂದು. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದ್ದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಹೊಸ ಹೆಸರಿನ ಆರ್‌ಸಿಯನ್ನು ಕಣ್ಣಾರೆ ನೋಡುವ ತನಕ ಸಹಿ ಹಾಕಿದ ಪ್ರತಿಗಳನ್ನು ಜೋಪಾನವಾಗಿಡಿ.